ತಳ್ಳಿಕೊಂಡು ಹತ್ತಿದರೆ ಲೆಕ್ಕಕ್ಕುಂಟೋ ಇಲ್ಲವೋ?

ಆಗುಂಬೆ ಘಾಟಿಯನ್ನು ಸೈಕಲ್ಲಿನಲ್ಲಿ ಹತ್ತುವ ಮಾತು ಬಂದರೆ ಸಾಕು, ಹೆಬ್ರಿಯ ನಮ್ಮ ಸಂಜೆ ಚಹಾದ ಸಭೆ ಎರಡು ಪಕ್ಷವಾಗುತ್ತದೆ. ಒಂದು ಪಕ್ಷದ ಪ್ರಕಾರ, ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ ಕಾಲು ನೆಲಕ್ಕೆ ತಾಗಿತೋ, ಮುಗಿಯಿತು, ನೀವು ಘಾಟಿ ಹತ್ತಿದವರಲ್ಲ. ಈ ಪಕ್ಷದಲ್ಲಿ ಇರುವುದು ಮಾಣಿ ಒಬ್ಬನೇ. ಅವನ ಮೊಣಕಾಲಿನಲ್ಲಿ ಇನ್ನೂ ಸದ್ದು ಶುರುವಾಗಿಲ್ಲ. ಇನ್ನೊಂದು ಪಕ್ಷದಲ್ಲಿ ಉಳಿದವರೆಲ್ಲ ಇದ್ದೇವೆ. ನಮ್ಮ ವಾದ ಸರಳ. ಸೈಕಲ್ಲೂ ಮೇಲೆ ಬಂತು, ಮನುಷ್ಯನೂ ಮೇಲೆ ಬಂದ, ಯಾರು ಯಾರ ಮೇಲೆ ಕೂತಿದ್ದರು ಅಂತ ಕೇಳುವುದಕ್ಕೆ ನೀನ್ಯಾರು?

"ತಳ್ಳುವುದಾದರೆ ಸೈಕಲ್ ಯಾಕೆ ಬೇಕು? ನಡೆದುಕೊಂಡೇ ಹೋಗಬಹುದಲ್ಲ" ಎಂದ ಮಾಣಿ.

"ಬರುವಾಗ ಇಳಿಯಲಿಕ್ಕೆ ಬೇಕಲ್ಲ ಮಾರಾಯ" ಎಂದರು ಭಟ್ರು. ಅವರು ಯಾವುದನ್ನೂ ಇಳಿಯುವ ಕಡೆಯಿಂದಲೇ ಯೋಚಿಸುವವರು.

ಮೇಷ್ಟ್ರು ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಸುಮ್ನೆ ಕೂರುವ ಅಭ್ಯಾಸ ಇಲ್ಲ. ಬಿಲ್ಲಿನ ಹಿಂದೆ ಪೆನ್ನು ಆಡಿಸಿದರು. "ಆಗುಂಬೆ ಸಮುದ್ರಮಟ್ಟದಿಂದ 640 ಮೀಟರ್ ಚಿಲ್ಲರೆ. ಕೆಳಗಿನಿಂದ 500 ಮೀಟರ್ ಏರಿದ್ದು ಅಂತಲೇ ಹಿಡಿಯುವ. ಮನುಷ್ಯ, ಸೈಕಲ್, ನೀರಿನ ಬಾಟ್ಲಿ ಎಲ್ಲ ಸೇರಿ 90 ಕಿಲೋ. ಇಷ್ಟನ್ನು ಅಷ್ಟು ಎತ್ತಲು ಸುಮಾರು 440 ಕಿಲೋಜೂಲ್ ಬೇಕು. ಆಹಾರದ ಲೆಕ್ಕದಲ್ಲಿ 105 ಕ್ಯಾಲೊರಿ."

"ಅಂದರೆ?"

"ಒಂದು ಬಾಳೆಹಣ್ಣು."

ಒಂದು ಬಾಳೆಹಣ್ಣಿಗೆ ಇಷ್ಟು ವರ್ಷ ಹೆದರಿದೆವಾ ಅಂತ ಎಲ್ಲರ ಮುಖದಲ್ಲೂ ಕಂಡಿತು. ಮೇಷ್ಟ್ರು ಕೈ ಎತ್ತಿದರು. "ನಿಲ್ಲಿ, ಪಾಠ ಮುಗಿಯಲಿಲ್ಲ. ದೇಹಕ್ಕೆ ನಾಲ್ಕು ಹಣ್ಣು ಕೊಟ್ಟರೆ ಪೆಡಲಿಗೆ ತಲುಪುವುದು ಹೆಚ್ಚು ಕಡಿಮೆ ಒಂದೇ. ಉಳಿದ ಮೂರು ಬಿಸಿಯಾಗಿ, ಬೆವರಾಗಿ ದಾರಿಯಲ್ಲೇ ಹೋಗುತ್ತದೆ."

"ರಸ್ತೆ ಕಾಮಗಾರಿಗೆ ಬಂದ ದುಡ್ಡಿನ ಹಾಗೆ" ಎಂದರು ಭಟ್ರು.

"ಮುಖ್ಯ ವಿಷಯ ಕೇಳಿ. 500 ಮೀಟರ್ ಎತ್ತುವ ಕೆಲಸ ಪೆಡಲ್ ತುಳಿದರೂ ಅಷ್ಟೇ, ತಳ್ಳಿದರೂ ಅಷ್ಟೇ. ಗುಡ್ಡಕ್ಕೆ ಗೊತ್ತಾಗುವುದು ತೂಕ ಮತ್ತು ಎತ್ತರ ಮಾತ್ರ. ಮಾಣಿಯ ಮರ್ಯಾದೆ ಅದಕ್ಕೆ ಗೊತ್ತಾಗುವುದಿಲ್ಲ."

ಮಾಣಿಗೆ ಸಿಟ್ಟು ಬಂತು. ವೇಗ ಇದೆಯಲ್ಲ ಎಂದ. ಸರಿ, ವೇಗದ ಲೆಕ್ಕವೂ ಆಗಲಿ ಎಂದು ಅವನ ಸೈಕಲ್ಲಿನ ಹಲ್ಲು ಎಣಿಸಿದೆವು. ಅತಿ ಹಗುರದ ಗೇರಿಗೆ ಹಾಕಿದರೆ ಮುಂದಿನ ಚೈನ್‌ವೀಲ್‌ನಲ್ಲಿ 34 ಹಲ್ಲು, ಹಿಂದೆಯೂ 34. ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು, ಅಂದರೆ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್. ತಳ್ಳಿಕೊಂಡು ನಡೆಯುವ ನಮ್ಮ ವೇಗ ನಾಲ್ಕು. ಇಷ್ಟು ಹಣ, ಹೆಲ್ಮೆಟ್ಟು, ಕಪ್ಪು ಕನ್ನಡಕ, ಮೈಗೆ ಅಂಟಿದ ಚಡ್ಡಿ ಎಲ್ಲ ಹಾಕಿಕೊಂಡು ಹುಡುಗ ನಮಗಿಂತ ಮುಂದಿರುವುದು ಗಂಟೆಗೆ ಮೂರೂವರೆ ಕಿಲೋಮೀಟರ್. ನಾವು ಏನೂ ಹೇಳಲಿಲ್ಲ. ಚಹಾ ಕುಡಿದೆವು.

ಹಾಗಂತ ಗೇರನ್ನು ಹಗುರವಾಗಿ ಕಾಣಬಾರದು. ಹಾಲು, ಪೇಪರು ಹಾಕುವ ನಮ್ಮ ಹಳೆಯ ಕರಿ ಸೈಕಲ್ಲುಗಳಲ್ಲಿ ಸಾಧಾರಣವಾಗಿ ಮುಂದೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲ್ ಒಂದು ಸುತ್ತು ಬಂದರೆ ಗಾಡಿ ಐದು ಮೀಟರ್ ದಾಟಬೇಕು. ಸಮತಟ್ಟಿನಲ್ಲಿ ಸುಖ. ಘಾಟಿಯಲ್ಲಿ ಅದೇ ಐದು ಮೀಟರಿನ ಏರನ್ನು ಒಂದೇ ಸುತ್ತಿನಲ್ಲಿ ಎತ್ತಬೇಕು, ಹಾಗಾಗಿ ಪೆಡಲಿನ ಮೇಲೆ ಎದ್ದು ನಿಂತರೂ ಅದು ಇಳಿಯುವುದಿಲ್ಲ, ನೀವೇ ಇಳಿಯುತ್ತೀರಿ.

ಇಷ್ಟರವರೆಗೆ ಬಾಯಿ ಬಿಡದೆ ಕೂತಿದ್ದ ಶೆಟ್ರು ಆಗ ಶುರು ಮಾಡಿದರು. ಅವರು ಇದೇ ಘಾಟಿಯಲ್ಲಿ ಮಿನಿಬಸ್ ಓಡಿಸಿದವರು, ಆಗುಂಬೆಯ ತಿರುವು ಅವರ ಭುಜದಲ್ಲಿದೆ. ಮಾತಾಡುವಾಗಲೂ ಎರಡು ಕೈ ಸ್ಟೇರಿಂಗ್ ತಿರುಗಿಸುತ್ತಲೇ ಇರುತ್ತವೆ.

"ಹದಿನಾಲ್ಕು ತಿರುವು ಅಂತೀರಿ. ಸೈಕಲ್ಲಿನವನಿಗೆ ಅದು ಏಳೇ. ಹೇಗೆ ಹೇಳಿ?"

ಯಾರಿಗೂ ಗೊತ್ತಾಗಲಿಲ್ಲ.

"ನಾವು ಎಡಗಡೆ ಹೋಗುವವರು. ಬಲಕ್ಕೆ ತಿರುಗುವ ತಿರುವಿನಲ್ಲಿ ನೀನು ಹೊರಸುತ್ತಿನಲ್ಲಿ ಇರ್ತೀಯ. ದಾರಿ ಉದ್ದ, ಏರು ಕಮ್ಮಿ, ಉಸಿರು ತಗೊಳ್ಳಬಹುದು. ಎಡಕ್ಕೆ ತಿರುಗುವುದು ಬಂತೋ, ಒಳಸುತ್ತು. ಅಷ್ಟೇ ಎತ್ತರವನ್ನು ನಾಲ್ಕು ಮಾರಿನಲ್ಲಿ ಮುಗಿಸಬೇಕು. ಒಂದು ಬಿಟ್ಟು ಒಂದು ಹೀಗೇ. ಕೊಲ್ಲುವುದು ಅರ್ಧ ಮಾತ್ರ."

ಇದು ನಿಜ. ಎಡತಿರುವಿನ ಒಳಮೂಲೆಯಲ್ಲಿ ನಿಂತು ನೋಡಿದರೆ ರಸ್ತೆ ಮೆಟ್ಟಿಲಿನ ಥರ ಎದ್ದಿರುತ್ತದೆ. ಅಲ್ಲಿ ಸೈಕಲ್ಲಿನವನು ಮೊದಲು ಗೇರು ಹುಡುಕುತ್ತಾನೆ, ಇನ್ನು ಗೇರು ಉಳಿದಿಲ್ಲ ಅಂತ ಗೊತ್ತಾದ ಮೇಲೂ ಬೆರಳು ಎರಡು ಸಲ ಒತ್ತುತ್ತದೆ, ಆಮೇಲೆ ಹ್ಯಾಂಡಲ್ ಆ ಕಡೆ ಈ ಕಡೆ ಹೊಯ್ದಾಡುತ್ತದೆ, ಮುಂದಿನ ಚಕ್ರ ಹಗುರವಾಗಿ ನೆಲ ಬಿಡುವ ಹಾಗೆ ಆಗುತ್ತದೆ, ಅಷ್ಟರಲ್ಲಿ ಅವನು ಏರು ಕಮ್ಮಿ ಇರುವ ಹೊರಸುತ್ತಿಗೆ ಅಂತ ಮೆಲ್ಲ ರಸ್ತೆಯ ಮಧ್ಯಕ್ಕೆ ಬರುತ್ತಾನೆ.

"ಅಲ್ಲಿ ನಾನು ಇಳಿದು ಬರ್ತಿರ್ತೇನೆ" ಎಂದರು ಶೆಟ್ರು. "ಮಳೆಗಾಲ, ವರ್ಷಕ್ಕೆ 7000 ಮಿಲಿಮೀಟರ್ ಸುರಿಯುವ ಊರು, ಮಂಜಿನಲ್ಲಿ ವೈಪರ್ ಕೂಡ ಕಾಣುವುದಿಲ್ಲ. ಬಸ್ಸಿನ ಎದುರು ಒಬ್ಬ ಹಾವಿನ ಹಾಗೆ ಹೊರಳಿಕೊಂಡು ಬರ್ತಾನೆ. ನಾನು ಯಾರನ್ನು ನೆನೆಯಬೇಕು?"

"ಕಾನೂನು ಪ್ರಕಾರ ಸಪೂರ ಘಾಟಿ ರಸ್ತೆಯಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು" ಎಂದ ಮಾಣಿ.

"ಬಿಟ್ಟಿದ್ದೇನೆ ಮಾರಾಯ. ಅದಕ್ಕೇ ನೀನು ಇಲ್ಲಿ ಕೂತು ಚಹಾ ಕುಡೀತಾ ಇದ್ದೀಯ."

ಇಳಿಯುವ ಬಗ್ಗೆಯೂ ಶೆಟ್ರ ಬುದ್ಧಿಮಾತು ಬಂತು. ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿಯಬಾರದು. ರಿಮ್ ಹಿಡಿಯುವ ಬ್ರೇಕಾದರೆ ರಿಮ್ಮೇ ಬಿಸಿಯಾಗುತ್ತದೆ. ತಿರುವಿಗೆ ಮೊದಲೇ ಗಟ್ಟಿ ಹಿಡಿದು ವೇಗ ಇಳಿಸಿ, ಮತ್ತೆ ಬಿಟ್ಟುಬಿಡಬೇಕು. ಭಟ್ರು ಇದನ್ನು ಮಾತ್ರ ತಲೆ ಆಡಿಸಿ ಕೇಳಿದರು.

ಆದರೆ ತಳ್ಳುವ ವಿಷಯ ಇನ್ನೂ ಇತ್ಯರ್ಥವಾಗಿರಲಿಲ್ಲ. ಆಗ ನಾನು ಫ್ರಾನ್ಸಿನ ಸಾಕ್ಷಿ ಕರೆದೆ. 1910ರಲ್ಲಿ ಟೂರ್ ಡಿ ಫ್ರಾನ್ಸ್ ಅನ್ನುವ ಸೈಕಲ್ ರೇಸು ಮೊದಲ ಸಲ ಪಿರೆನೀಸ್ ಪರ್ವತದ ದೊಡ್ಡ ಘಾಟಿಗಳಿಗೆ ಹೋಯಿತು. ಒಂದೇ ದಿನ 326 ಕಿಲೋಮೀಟರ್, ಮಧ್ಯೆ 2115 ಮೀಟರ್ ಎತ್ತರದ ಟೂರ್ಮಲೆ. ಈಗಿನ ಥರ ಗೇರಿಲ್ಲ. ಹಿಂದಿನ ಚಕ್ರದ ಎರಡೂ ಕಡೆ ಒಂದೊಂದು ಹಲ್ಲಿನ ಬಿಲ್ಲೆ, ಏರು ಬಂದರೆ ಇಳಿದು ಚಕ್ರ ಬಿಚ್ಚಿ ತಿರುಗಿಸಿ ಹಾಕಬೇಕು. ಗೇರು ಬದಲಿಸುವ ಡಿರೇಲರ್‌ಗೆ ಆ ರೇಸಿನಲ್ಲಿ ಒಪ್ಪಿಗೆ ಸಿಕ್ಕಿದ್ದೇ 1937ರಲ್ಲಿ. ಆಕ್ಟಾವ್ ಲಾಪಿಜ್ ಅನ್ನುವವನು ಅವತ್ತು ಸೈಕಲ್ ತಳ್ಳಿಕೊಂಡು ನಡೆದ, ಮುಂದಿನ ಘಾಟಿಯಲ್ಲಿ ರೇಸಿನ ಅಧಿಕಾರಿಗಳನ್ನು ಕಂಡು ಕೊಲೆಗಡುಕರು ನೀವು ಅಂತ ಬೈದ. ಗುಸ್ತಾವ್ ಗಾರಿಗೂ ಅನ್ನುವ ಇನ್ನೊಬ್ಬ ಟೂರ್ಮಲೆಯನ್ನು ಒಮ್ಮೆಯೂ ಇಳಿಯದೆ ಹತ್ತಿದ.

"ನೋಡಿ! ಗಾರಿಗೂ!" ಎಂದು ಮಾಣಿ ಮೇಜು ಗುದ್ದಿದ.

"ಅವನಿಗೆ ಇಳಿಯದೆ ಹತ್ತಿದ್ದಕ್ಕೆ 100 ಫ್ರಾಂಕ್ ಬಹುಮಾನ ಕೊಟ್ಟರು."

"ನೋಡಿ!"

"ಆ ವರ್ಷದ ಟೂರ್ ಗೆದ್ದದ್ದು ತಳ್ಳಿಕೊಂಡು ಹೋದ ಲಾಪಿಜ್. ಗಾರಿಗೂ ಮೂರನೆಯವನು."

ಭಟ್ರು ಎದ್ದು ನಿಂತು ಕೈ ಮುಗಿದರು. ಲಾಪಿಜ್‌ಗೋ ನನಗೋ ಗೊತ್ತಾಗಲಿಲ್ಲ.

ಮಾಣಿ ಸೋಲುವವನಲ್ಲ. ಭಾನುವಾರ ಬೆಳಿಗ್ಗೆ ತಾನು ಕಾಲೂರದೆ ಹತ್ತಿ ತೋರಿಸುವುದಾಗಿ ಪಂಥ ಕಟ್ಟಿದ. ಶೆಟ್ರು ಕೂಡಲೇ ಒಪ್ಪಿದರು. ಫ್ರಾನ್ಸಿನವರ ಹಾಗೆ ನೂರು ಕೊಡುತ್ತೇನೆ, ಆದರೆ ರೂಪಾಯಿ, ಮತ್ತು ನಾನು ಒಂದು ಎಡತಿರುವಿನ ಒಳಮೂಲೆಯಲ್ಲಿ ಬಿಸಿ ಬನ್ಸ್ ಹಿಡಿದುಕೊಂಡು ನಿಂತಿರುತ್ತೇನೆ ಎಂದರು.

"ಇದು ಅನ್ಯಾಯ ಶೆಟ್ರೇ."

"ನಿಲ್ಲು ಅಂತ ನಾನು ಹೇಳುವುದಿಲ್ಲ. ಬನ್ಸ್ ಹೇಳಿದರೆ ನನ್ನ ತಪ್ಪಲ್ಲ."

"ಬನ್ಸಿಗೂ ಹಾಕುವುದು ಬಾಳೆಹಣ್ಣೇ, ನನ್ನ ಲೆಕ್ಕ ಕೆಡುವುದಿಲ್ಲ" ಎಂದು ಮೇಷ್ಟ್ರು ಬಿಲ್ಲಿನ ಹಿಂದೆ ಮತ್ತೆ ಬರೆಯತೊಡಗಿದರು.

"ಘಾಟಿಯಲ್ಲಿ ಬನ್ಸ್ ಹಿಡಿದು ನಿಂತರೆ ಮಾಣಿಗಿಂತ ಮೊದಲು ಮಂಗಗಳು ಬರುತ್ತವೆ" ಎಂದರು ಭಟ್ರು.

ಮಾಣಿ ಸ್ವಲ್ಪ ಹೊತ್ತು ಯೋಚಿಸಿದ. "ಬರಲಿ. ಅವಕ್ಕೆ ಕಾಲು ಕೆಳಗಿಡಬಾರದು ಅಂತ ಇಲ್ಲವಲ್ಲ. ನನಗೆ ಒಂದು ಉಳಿಸಿ, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ತಗೊಳ್ತೇನೆ. ಅದು ನಿಯಮಕ್ಕೆ ವಿರುದ್ಧ ಅಲ್ಲ, ಅಲ್ವಾ?"