ಒಂದೇ ಮನೆ, ಎರಡು ಸಾರು: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ

ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ಕಬ್ಬು, ಭತ್ತ, ಎರಡು ಹಸು. ಭಾನುವಾರ ಮಟನ್, ಬುಧವಾರ ಕೋಳಿ, ನಡುವೆ ಯಾರ ಮನೆಯದಾದರೂ ಬೀಗರ ಊಟ. ಯಜಮಾನರಿಗೆ ಈಗ 51. ಮೂರು ತಿಂಗಳ ಹಿಂದೆ ಕಾಲಿನ ಹೆಬ್ಬೆರಳು ಊದಿಕೊಂಡು ರಾತ್ರಿಯೆಲ್ಲ ನರಳಿದರು. ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ಜಾಸ್ತಿ, ಕೊಲೆಸ್ಟ್ರಾಲೂ ಜಾಸ್ತಿ. ಮಟನ್ ಕಡಿಮೆ ಮಾಡಿ ಎಂದರು ಡಾಕ್ಟರು. ಇವರು ಕೇಳುತ್ತಿಲ್ಲ. ಮೈಸೂರಿನಲ್ಲಿ ಓದುವ ಮಗ ಆರು ತಿಂಗಳಿಂದ ಮಾಂಸ ಮುಟ್ಟುತ್ತಿಲ್ಲ. ಊರಿಗೆ ಬಂದಾಗ ಊಟಕ್ಕೆ ಕೂತ ಅಪ್ಪನಿಗೆ ಪ್ರಾಣಿಹಿಂಸೆ, ಭೂಮಿಯ ಬಿಸಿ ಅಂತ ಪಾಠ ಹೇಳುತ್ತಾನೆ. ಹೋದ ಭಾನುವಾರ ಇವರು ತಟ್ಟೆ ಬಿಟ್ಟು ಎದ್ದು ಹೋದರು. ಅತ್ತೆಗೆ 76. ಸಾರಿನಲ್ಲಿ ಎರಡು ತುಂಡು ಇಲ್ಲದಿದ್ದರೆ ಅವರಿಗೆ ಮುದ್ದೆ ಇಳಿಯುವುದಿಲ್ಲ. ಎರಡೆರಡು ಸಾರು ಮಾಡಿ ನಾನು ಸೋತಿದ್ದೇನೆ. ಬಾಡು ಕಡಿಮೆ ಮಾಡುವುದು ಸರಿಯಾ? ಸರಿ ಅಂದರೆ, ಜಗಳವಿಲ್ಲದೆ ಹೇಗೆ?

— ಹೆಸರು ಬೇಡ, ಮದ್ದೂರು ತಾಲ್ಲೂಕು

ಪಾತ್ರೆ ಚಿಕ್ಕದು ಮಾಡಬೇಡಿ

ಅಕ್ಕಾ, ಆ ಹೆಬ್ಬೆರಳ ನೋವು ನಮ್ಮ ಮನೆಗೂ ಬಂದಿತ್ತು. ಹೊದಿಕೆಯ ಅಂಚು ತಾಗಿದರೂ ನಮ್ಮವರು ಕಿರುಚುತ್ತಿದ್ದರು. ಆಗ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಒಂದೇ ದಿನಕ್ಕೆ ಬಾಡು ಪೂರ್ತಿ ನಿಲ್ಲಿಸಿಬಿಟ್ಟೆ. ಅವರು ಮನೆಯಲ್ಲಿ ಸುಮ್ನೆ ಸೊಪ್ಪಿನ ಸಾರು ಉಂಡು ಸಂಜೆ ಹೊರಗೆ ಹೋಗಿ ಬೋಟಿ ತಿಂದು ಬರುತ್ತಿದ್ದರು. ಜೊತೆಗೆ ಬಿಯರು. ಯೂರಿಕ್ ಆಸಿಡ್‌ಗೆ ಇವೆರಡೂ ಕೆಟ್ಟದ್ದು ಅಂತ ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಗೊತ್ತಾಯಿತು. ಮನೆಯ ಸಾರಿಗಿಂತ ಕೆಟ್ಟದ್ದನ್ನು ನಾನೇ ತಿನ್ನಿಸಿದ ಹಾಗಾಯಿತು.

ಆಮೇಲೆ ದಾರಿ ಬದಲಾಯಿಸಿದೆ. ನಾಲ್ಕು ಜನಕ್ಕೆ ಒಂದೂವರೆ ಕೆಜಿ ಮಟನ್ ತರುತ್ತಿದ್ದೆವು. ಅದನ್ನು ಒಂದು ಕೆಜಿಗೆ ಇಳಿಸಿದೆ. ಎರಡು ತಿಂಗಳು ಬಿಟ್ಟು ಅರ್ಧ ಕೆಜಿ. ಪಾತ್ರೆ ಮಾತ್ರ ಅದೇ ಪಾತ್ರೆ. ತುಂಬದ ಪಾತ್ರೆ ಕಂಡರೆ ಗಂಡಸರಿಗೆ ಮೊದಲೇ ಹಸಿವು ಹೆಚ್ಚುತ್ತದೆ. ಸೊಗಡವರೆ ಬರುವ ಕಾಲದಲ್ಲಿ ಹಿತಕಿದ ಬೇಳೆ ಹಾಕಿದೆ. ಬೇರೆ ದಿನಗಳಲ್ಲಿ ಆಲೂಗಡ್ಡೆ, ಮೂಲಂಗಿ, ನೆನೆಸಿದ ಕಡಲೆಕಾಳು. ಬಾಡಿನ ರಸ ಹೀರಿಕೊಂಡ ಅವರೆಬೇಳೆ ಇದೆಯಲ್ಲ, ಅದರ ರುಚಿ ತುಂಡಿಗೂ ಇಲ್ಲ. ಈಗ ನಮ್ಮವರು ಬೇಳೆಯನ್ನೇ ಹುಡುಕಿ ಹಾಕಿಸಿಕೊಳ್ಳುತ್ತಾರೆ.

ಇನ್ನು ನಿಮ್ಮ ಎರಡು ಸಾರಿನ ಕಷ್ಟ. ಖಾರ ಒಂದೇ ಸಲ ರುಬ್ಬಿ. ಈರುಳ್ಳಿ ಕೆಂಪಗೆ ಹುರಿದು, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಧನಿಯಾ, ಕಾಯಿ, ಗಸಗಸೆ, ಕೊನೆಗೆ ಒಂದು ಹಿಡಿ ಹುರಿಗಡಲೆ. ರುಬ್ಬಿದ್ದನ್ನು ಎರಡು ಪಾಲು ಮಾಡಿ. ಒಂದು ಪಾಲು ಮಟನ್‌ಗೆ, ಇನ್ನೊಂದು ಪಾಲು ಮಗನ ಅಣಬೆಗೋ ಹುರುಳಿಕಾಳಿಗೋ. ಒಗ್ಗರಣೆ ಸಮೇತ ಒಂದೇ ಕೈಕೆಲಸ. ಮನೆ ತುಂಬ ಒಂದೇ ಘಮ ಇರುತ್ತದೆ. ಅಪ್ಪ ಮಗ ಬೇರೆ ಬೇರೆ ಊಟ ಮಾಡುತ್ತಿದ್ದಾರೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಬುಧವಾರದ ಕೋಳಿ ಬದಲು ಉಪ್ಸಾರು ಮಾಡಿ ನೋಡಿ. ಹೊಸದಾಗಿ ಏನೂ ಕಲಿಯಬೇಕಿಲ್ಲ, ನಮ್ಮ ಸೀಮೆಯ ಅಡುಗೆಯೇ ಅದು. ತೊಗರಿಕಾಳೋ ಅಲಸಂದೆಯೋ ಜೊತೆಗೆ ಎರಡು ಹಿಡಿ ಸೊಪ್ಪು ಬೇಯಿಸಿ ಬಸಿದು, ಪಕ್ಕದಲ್ಲಿ ಬೆಳ್ಳುಳ್ಳಿ, ಮೆಣಸು, ಜೀರಿಗೆ, ಮೆಣಸಿನಕಾಯಿ, ಹುಣಸೆಹಣ್ಣಿನ ಖಾರ ಅರೆಯಿರಿ. ಆ ಖಾರದ ವಾಸನೆಗೆ ನಮ್ಮವರು ಮುದ್ದೆ ಇಳಿಸುವ ಮೊದಲೇ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಂದೂವರೆ ವರ್ಷವಾಯಿತು, ಬೆರಳು ಮತ್ತೆ ಊದಿಲ್ಲ. ಮಾತ್ರೆ ನಿಲ್ಲಿಸಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

— ಗೃಹಿಣಿ, ಮಂಡ್ಯ

ಮಗನನ್ನು ಬಯ್ಯಬೇಡಿ

ನನಗೆ ಒಂಬತ್ತು ವರ್ಷ ಇದ್ದಾಗ ಮನೆಯಲ್ಲಿ ಒಂದು ಮರಿ ಸಾಕಿದ್ದರು. ಸ್ಕೂಲಿನಿಂದ ಬಂದರೆ ಬೇಲಿಯವರೆಗೆ ಓಡಿ ಬರುತ್ತಿತ್ತು. ಮಾರಮ್ಮನ ಹಬ್ಬಕ್ಕೆ ಅದನ್ನು ಕಡಿದರು. ಅವತ್ತಿನಿಂದ ನನ್ನ ಗಂಟಲಲ್ಲಿ ಬಾಡು ಇಳಿದಿಲ್ಲ. ಎಷ್ಟು ಜನ ನಕ್ಕರೋ ಲೆಕ್ಕವಿಲ್ಲ. ನಮ್ಮವ್ವ ಮಾತ್ರ ಒಂದು ದಿನವೂ ನಗಲಿಲ್ಲ, ನನಗೆ ಅಂತ ಪಕ್ಕದಲ್ಲಿ ಒಂದು ಚಟ್ನಿ ಅರೆದಿಡುತ್ತಿದ್ದಳು. ನಿಮ್ಮ ಮಗನ ಮಾತು ಒರಟಿರಬಹುದು, ಮನಸ್ಸು ಸುಳ್ಳಲ್ಲ ತಾಯಿ.

— ಅಂಗಡಿ ಮಾಲೀಕ, ನಂಜನಗೂಡು ರಸ್ತೆ, ಮೈಸೂರು

ಊಟಕ್ಕೂ ಮರ್ಯಾದೆ ಇದೆ

ನಿಮ್ಮ ಯಜಮಾನರು ತಟ್ಟೆ ಬಿಟ್ಟು ಎದ್ದದ್ದು ಬಾಡಿನ ಆಸೆಗೆ ಅಂತ ನನಗೆ ಅನ್ನಿಸುವುದಿಲ್ಲ. ಉಣ್ಣುವಾಗ ಮಗ ಹಿಂಸೆ ಅಂದನಲ್ಲ, ಆ ಮಾತಿಗೆ ಎದ್ದಿದ್ದಾರೆ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಮಳಿಗೆಯವರಿಗೆ ಕೊಟ್ಟ ಸೂಚನೆಯಲ್ಲಿ ಮದ್ಯ, ತಂಬಾಕಿನ ಸಾಲಿನಲ್ಲೇ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂತ ಬರೆದಿದ್ದರು. ಅದಕ್ಕೇ ಊರಲ್ಲಿ ಅಷ್ಟು ಸಿಟ್ಟು ಎದ್ದಿದ್ದು, ಬಾಡೂಟ ಕೊಡಿ ಅಂತ ಅಷ್ಟು ಜನ ಕೇಳಿದ್ದು. ಒಂದು ಹೊತ್ತು ಬಾಡಿಲ್ಲದೆ ಉಣ್ಣಲಾರದವರು ಯಾರೂ ಇರಲಿಲ್ಲ. ನಮ್ಮ ದೇವರ ಎಡೆಗೆ, ಹಿರಿಯರ ಎಡೆಗೆ ಇಡುವ ಊಟವನ್ನು ಹೆಂಡದ ಪಕ್ಕ ನಿಲ್ಲಿಸಿದರೆ ನೋವಾಗುತ್ತದೆ ಅಲ್ವಾ? ಬಾಡು ತಿನ್ನುವವರು ಕೀಳು ಅನ್ನುವ ಮಾತನ್ನು ತಲೆಮಾರುಗಳಿಂದ ಕೇಳಿಕೊಂಡು ಬಂದ ಜನ ನಾವು. ಅದೇ ಮಾತು ಸ್ವಂತ ಮಗನ ಬಾಯಲ್ಲಿ ಬಂದರೆ ಯಾವ ಅಪ್ಪ ತಡೆದುಕೊಳ್ಳುತ್ತಾನೆ?

ನಾನೂ ಮಟನ್ ಕಡಿಮೆ ಮಾಡಿದ್ದೇನೆ, ಬಿಪಿ ಇದೆ. ಆದರೆ ಕಡಿಮೆ ಮಾಡುವ ಮಾತು ಡಾಕ್ಟರ ಚೀಟಿಯಿಂದ ಬರಲಿ, ಹೆಂಡತಿಯ ಅಕ್ಕರೆಯಿಂದ ಬರಲಿ. ಮೇಲು ಕೀಳಿನ ಮಾತಾಗಿ ಬರುವುದು ಬೇಡ. ಮಗ ಅಪ್ಪನ ಹತ್ತಿರ ಹೋಗಿ ‘ತಪ್ಪಾಯ್ತು ಅಪ್ಪ’ ಅಂತ ಒಂದು ಮಾತು ಹೇಳಲಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

— ಉಪನ್ಯಾಸಕ, ಶ್ರೀರಂಗಪಟ್ಟಣ

ನಿಮ್ಮ ತಟ್ಟೆಯಲ್ಲಿ ಎಷ್ಟು ತುಂಡು ಇತ್ತು?

ನಾನು ಆಹಾರ ಸಲಹೆ ಕೊಡುವ ಕೆಲಸ ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಯಜಮಾನರ ಊಟ ಇದೆ, ಮಗನ ಊಟ ಇದೆ, ಅತ್ತೆಯ ಎರಡು ತುಂಡೂ ಇದೆ. ನೀವು ಏನು ಉಣ್ಣುತ್ತೀರಿ ಅಂತ ಎಲ್ಲೂ ಬರೆದಿಲ್ಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳನ್ನು ನಿಮಗೆಷ್ಟು ತುಂಡು ಅಂತ ಕೇಳಿದರೆ ಬರುವ ಉತ್ತರ ಒಂದೇ, ‘ಉಳಿದರೆ’. ಗಂಡಸರಿಗೆ ತುಂಡು, ಮಕ್ಕಳಿಗೆ ತುಂಡು, ಬಡಿಸಿದವಳಿಗೆ ರಸ. ಮನೆಗೆ ತರುವ ಮಟನ್ ಇಳಿಸಿದರೆ ಮೊದಲು ಖಾಲಿಯಾಗುವುದು ನಿಮ್ಮ ತಟ್ಟೆ. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ ಎನ್ನುತ್ತದೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಮಾಂಸದಲ್ಲಿರುವ ಕಬ್ಬಿಣದಂಶ ಸೊಪ್ಪು, ಕಾಳಿನದಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಹಾಗಾಗಿ ಪಾತ್ರೆಯ ಲೆಕ್ಕದಲ್ಲಿ ಇಳಿಸಬೇಡಿ. ಒಬ್ಬೊಬ್ಬರ ಮೈ ನೋಡಿ ಇಳಿಸಿ. ಇದೊಂದು ಮಾತಿಗಾಗಿಯೇ ನಾನು ಬರೆಯಲು ಕೂತಿದ್ದು.

ಯಜಮಾನರು ಇಳಿಸಲೇಬೇಕು. ಬೋಟಿ, ಲಿವರ್, ತಲೆಮಾಂಸ ಪೂರ್ತಿ ಬೇಡ. ಕೆಂಪು ಮಾಂಸ ತಿನ್ನುವ ಯಾರೇ ಆದರೂ ವಾರಕ್ಕೆ, ಬೇಯಿಸಿದ ತೂಕದಲ್ಲಿ, 350ರಿಂದ 500 ಗ್ರಾಂ ದಾಟಬಾರದು ಅನ್ನುವುದು ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್‌ನವರ ಸಲಹೆ. ನಿಮ್ಮವರಿಗೆ ಯೂರಿಕ್ ಆಸಿಡ್ ಇರುವುದರಿಂದ ಇನ್ನೂ ಕಡಿಮೆ ಇರಲಿ, ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಕಾಳಿನಲ್ಲೂ ಯೂರಿಕ್ ಆಸಿಡ್ ಇದೆ ಅಂತ ಯಾರಾದರೂ ಹೆದರಿಸುತ್ತಾರೆ. ಮಾಂಸ, ಮೀನಿನಿಂದ ಆಗುವಷ್ಟು ತೊಂದರೆ ಕಾಳಿನಿಂದ ಆಗುವುದು ಕಂಡುಬಂದಿಲ್ಲ. ನೀರು ಚೆನ್ನಾಗಿ ಕುಡಿಯಲಿ.

ಅತ್ತೆಯ ಎರಡು ತುಂಡನ್ನು ಮುಟ್ಟಬೇಡಿ. ವಯಸ್ಸಾದ ಮೇಲೆ ಮೈಯ ಮಾಂಸಖಂಡ ಕರಗುತ್ತಾ ಹೋಗುತ್ತದೆ, ಅವರಿಗೆ ಪ್ರೋಟೀನ್ ಬೇಕು. ತುಂಡು ಮೆತ್ತಗೆ ಬೆಂದಿರಲಿ, ಇಲ್ಲದಿದ್ದರೆ ಕೈಮಾ ಮಾಡಿಕೊಡಿ. ಕೋಳಿ ಇಲ್ಲದ ದಿನ ಒಂದು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ.

ಮಗನಿಗೆ ಕಾಳು, ಬೇಳೆ ಸಾಕಾಗುತ್ತದೆ. ಒಣ ಹುರುಳಿಕಾಳು 100 ಗ್ರಾಂ ತೆಗೆದುಕೊಂಡರೆ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇದೆ. 60 ಕೆಜಿ ತೂಕದವರಿಗೆ ದಿನಕ್ಕೆ ಬೇಕಾಗಿರುವುದು ಹತ್ತಿರ ಹತ್ತಿರ 50 ಗ್ರಾಂ. ಮುದ್ದೆಯಲ್ಲಿ ಕ್ಯಾಲ್ಸಿಯಂ ಇದೆ. ವಿಟಮಿನ್ ಬಿ12 ಮಾತ್ರ ಸೊಪ್ಪಿನಲ್ಲಿ ಸಿಗುವುದಿಲ್ಲ. ಮನೆಯಲ್ಲಿ ಹಸು ಇವೆ ಅಂದಿದ್ದೀರಿ, ಹಾಲು, ಮೊಸರು ದಿನಾ ತೆಗೆದುಕೊಳ್ಳಲಿ. ಅದನ್ನೂ ಬಿಟ್ಟಿದ್ದರೆ ಡಾಕ್ಟರನ್ನು ಕೇಳಿ ಬಿ12 ಮಾತ್ರೆ ಶುರು ಮಾಡಲಿ. ಊಟದ ಜೊತೆಗೇ ಟೀ, ಕಾಫಿ ಬೇಡ. ಸಾರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿಕೊಂಡರೆ ಕಾಳು, ಸೊಪ್ಪಿನ ಕಬ್ಬಿಣದಂಶ ಚೆನ್ನಾಗಿ ಹಿಡಿಯುತ್ತದೆ. ಇದು ನಿಮಗೂ ಸೇರಿ ಹೇಳಿದ್ದು.

— ಆಹಾರ ಸಲಹೆಗಾರ್ತಿ, ಕುವೆಂಪುನಗರ, ಮೈಸೂರು

ನಾನೂ ಅದೇ ಮಗ

ಅಮ್ಮಾ, ನಾನೂ ಮೈಸೂರಿನಲ್ಲಿ ಓದುತ್ತಿದ್ದೇನೆ, ಊರು ಪಾಂಡವಪುರದ ಕಡೆ. ಎರಡು ವರ್ಷದ ಹಿಂದೆ ನಾನೂ ನಿಮ್ಮ ಮಗನ ಹಾಗೆ ಊಟದ ಹೊತ್ತಿಗೆ ಭಾಷಣ ಮಾಡಿದ್ದೆ. ಪ್ರಪಂಚದಲ್ಲಿ ಮನುಷ್ಯರಿಂದ ಆಗುವ, ಭೂಮಿಯ ಬಿಸಿ ಏರಿಸುವ ಅನಿಲದಲ್ಲಿ 14.5 ಪರ್ಸೆಂಟ್ ಜಾನುವಾರು ಸಾಕಣೆಯಿಂದ ಅಂತ 2013ರ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವರದಿ ಹೇಳಿತ್ತು. ಅದನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಮ್ಮ ತಾತ ಪೂರ್ತಿ ಕೇಳಿಸಿಕೊಂಡು, ‘ನಮ್ಮ ಗದ್ದೇಲೂ ಅನಿಲ ಏಳ್ತದಾ?’ ಅಂದರು. ಹುಡುಕಿದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದಲೂ ಮೀಥೇನ್ ಅನ್ನುವ ಅಂಥದೇ ಅನಿಲ ಬರುತ್ತದೆ. ಹಸು, ಕುರಿ ಮೆಲುಕು ಹಾಕುವಾಗ ಬರುವುದೂ ಅದೇ ಮೀಥೇನ್. ನಾನು ಅವರ ತಟ್ಟೆಯನ್ನು ತೋರಿಸಿ ಮಾತಾಡುತ್ತಿದ್ದೆ, ನನ್ನ ತಟ್ಟೆಯ ಅನ್ನವೂ ಲೆಕ್ಕದಲ್ಲಿತ್ತು.

ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ನೂರು ಕೆಜಿಗಿಂತ ಹೆಚ್ಚು ಮಾಂಸ ಬಳಕೆಯಾಗುತ್ತದೆ. ನಮ್ಮ ದೇಶದಲ್ಲಿ ಹತ್ತು ಕೆಜಿಯೂ ಇಲ್ಲ. ಅಷ್ಟು ತಿನ್ನುವವರಿಗೆ ಬರೆದ ಮಾತನ್ನು ಹಾಗೇ ತಂದು ನಮ್ಮ ತಾತನ ಮುಂದೆ ಓದಿದ್ದು ತಪ್ಪು. ಹಾಗಂತ ನಾನು ಮತ್ತೆ ಬಾಡು ಶುರು ಮಾಡಿಲ್ಲ. ಶುರು ಮಾಡುವುದೂ ಇಲ್ಲ, ಅದು ನನ್ನ ತೀರ್ಮಾನ. ಊಟದ ಹೊತ್ತಿನಲ್ಲಿ ಅದರ ಮಾತು ಎತ್ತುವುದಿಲ್ಲ, ಅಷ್ಟೇ. ಊರಿಗೆ ಹೋದಾಗ ಭಾನುವಾರದ ಕಾಳು ಸಾರು ನಾನೇ ಮಾಡುತ್ತೇನೆ. ನಿಮ್ಮ ಮಗನಿಗೂ ಸೌಟು ಕೊಡಿ. ತನ್ನ ಸಾರು ತಾನೇ ಮಾಡಿಕೊಂಡರೆ ನಿಮ್ಮ ಕೆಲಸ ಅರ್ಧ ಇಳಿಯುತ್ತದೆ.

— ವಿದ್ಯಾರ್ಥಿ, ಮೈಸೂರು

ಕಡಿಮೆ ತಿನ್ನಿ, ಒಳ್ಳೇದು ತಿನ್ನಿ

ನಾನು ಕುರಿ ಸಾಕುವವನು. ಜನ ಬಾಡು ಕಡಿಮೆ ಮಾಡಿದರೆ ನನಗೆ ನಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಹತ್ತಿರ ಇರುವುದು ಬನ್ನೂರು ಕುರಿ. ಕುಳ್ಳ ಕಾಲು, ಗಟ್ಟಿ ಮೈ, ಬಯಲಲ್ಲಿ ಮೇಯ್ದು ಬೆಳೆಯುತ್ತದೆ. ಇದರ ಮಾಂಸ ಮೆದು, ರುಚಿ. ಆದರೆ ಬೇಗ ತೂಕ ಬರುವ ಬೇರೆ ತಳಿಗಳನ್ನು ಕೂಡಿಸಿ ಕೂಡಿಸಿ ಅಸಲಿ ಬನ್ನೂರು ಕುರಿ ಕಮ್ಮಿಯಾಗುತ್ತಿದೆ. ವಾರಕ್ಕೆ ಮೂರು ಸಲ ಅಗ್ಗದ ಬಾಡು ಬೇಕು ಅಂದರೆ ಈ ತಳಿ ಉಳಿಯುವುದಿಲ್ಲ ಅಕ್ಕಾ. ತಿಂಗಳಿಗೆ ಎರಡೇ ಸಲ ತನ್ನಿ, ನೋಡಿ ತನ್ನಿ, ಸರಿಯಾದ ಬೆಲೆ ಕೊಟ್ಟು ತನ್ನಿ. ನನ್ನ ಹೊಟ್ಟೆಯೂ ತುಂಬುತ್ತದೆ, ಕುರಿಯ ತಳಿಯೂ ಉಳಿಯುತ್ತದೆ.

— ಕುರಿ ಸಾಕಣೆಗಾರ, ಮಳವಳ್ಳಿ ತಾಲ್ಲೂಕು

ಅತ್ತೆಯನ್ನು ಕೇಳಿ ನೋಡು

ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ ಕಣವ್ವಾ. ನನಗೂ ನಿಮ್ಮತ್ತೆ ವಯಸ್ಸೇ. ನಾವು ಚಿಕ್ಕವರಿದ್ದಾಗ ವಾರಕ್ಕೆ ಎರಡು ಸಲ ಬಾಡು ಅಂತ ಎಲ್ಲಿತ್ತು? ಯುಗಾದಿ ಮಾರನೇ ದಿನ ಹೊಸತೊಡಕು, ಮಾರಮ್ಮನ ಹಬ್ಬ, ಪಿತೃಪಕ್ಷ, ನೆಂಟರು ಬಂದರೆ ಮನೆಯ ಕೋಳಿ. ಶ್ರಾವಣದಲ್ಲಿ ಪಾತ್ರೆಯನ್ನೂ ಮುಟ್ಟುತ್ತಿರಲಿಲ್ಲ. ಸೋಮವಾರ, ಶನಿವಾರ ಇಲ್ಲ.

ಹೊಸತೊಡಕಿನ ದಿನ ಊರವರು ಸೇರಿ ದುಡ್ಡು ಹಾಕಿ ಮರಿ ತರುತ್ತಿದ್ದರು. ಕೊಯ್ದು, ಎಲೆ ಹಾಸಿ, ಮನೆಗೊಂದು ಗುಡ್ಡೆ ಇಡುತ್ತಿದ್ದರು. ಒಂದು ಗುಡ್ಡೆಗೆ ಹೆಚ್ಚು ಬಿದ್ದರೆ ಎತ್ತಿ ಇನ್ನೊಂದಕ್ಕೆ ಹಾಕುವರು. ನಮ್ಮಪ್ಪ ಆ ಗುಡ್ಡೆಯನ್ನು ಎಲೆಯಲ್ಲಿ ಕಟ್ಟಿಕೊಂಡು ತಂದರೆ ನಾವು ಮಕ್ಕಳು ಬೀದಿ ತುದಿಯಿಂದಲೇ ಹಿಂದೆ ಬರುತ್ತಿದ್ದೆವು. ನಮ್ಮವ್ವ ಎಣಿಸಿ ಹಾಕುತ್ತಿದ್ದಳು, ತಲೆಗೆ ಮೂರು ತುಂಡು. ತನಗೂ ಒಂದು ಇಟ್ಟುಕೊಳ್ಳುತ್ತಿದ್ದಳು, ಅದನ್ನು ನಾನು ನೋಡಿದ್ದೇನೆ. ಆ ಸಾರಿನ ರುಚಿ ಮೂರು ದಿನ ಬಾಯಲ್ಲಿರುತ್ತಿತ್ತು.

ಈಗ ನಮ್ಮ ಮನೆಯಲ್ಲಿ ಬುಧವಾರ ಕೋಳಿ ಮಾಡಿದರೆ ಹುಡುಗರು ಮೊಬೈಲ್ ನೋಡಿಕೊಂಡು ತಿಂದು ಎದ್ದು ಹೋಗುತ್ತವೆ. ಏನು ತಿಂದ್ರಿ ಅಂತ ಕೇಳಿದರೆ ನೆನಪಿಲ್ಲ.

ಇದೆಲ್ಲ ನಿಮ್ಮತ್ತೆಗೂ ಗೊತ್ತಿರುತ್ತದೆ ಮಗಾ. ಎರಡು ತುಂಡು ಬಡಿಸುವಾಗ ಪಕ್ಕದಲ್ಲಿ ಕೂತು, ನಿಮ್ಮ ಕಾಲದಲ್ಲಿ ಹೆಂಗಿತ್ತು ಅತ್ತೆ ಅಂತ ಕೇಳು. ಅವರು ಹೇಳುತ್ತಾರೆ. ಮಗ ಅಲ್ಲೇ ಉಣ್ಣುತ್ತಾ ಕೂತಿರಲಿ, ಮೊಮ್ಮಗನೂ ಕೂತಿರಲಿ.

— ಅಜ್ಜಿ, ನಾಗಮಂಗಲ