‘ದೆಪ್ಯುತೆ-ಮೇರ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಕೆರಿಬಿಯನ್ ಸಮುದ್ರದಲ್ಲಿರುವ, ಫ್ರಾನ್ಸಿಗೆ ಸೇರಿದ ಮಾರ್ಟಿನೀಕ್ ದ್ವೀಪದ ಕವಿ ಮತ್ತು ರಾಜಕಾರಣಿ ಎಮೆ ಸೆಜೇರ್ (1913–2008) ಅವರ ಸಂಸದೀಯ ಬದುಕನ್ನು ಕುರಿತು ಕನ್ನಡದಲ್ಲಿ ಬರೆಯುವಾಗ ತೊಡಕಾಗುವ ಮೂರು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತಿದ್ದೇನೆ.

ಮೊದಲನೆಯದು ‘ದೆಪ್ಯುತೆ’, ಎಂದರೆ ಫ್ರಾನ್ಸಿನ ಸಂಸತ್ತಿನ ಕೆಳಮನೆಯ ಸದಸ್ಯ. ಪ್ಯಾರಿಸ್ಸಿನಲ್ಲಿ ಓದಿ, ಊರಿಗೆ ಮರಳಿ ಫೋರ್-ದ-ಫ್ರಾನ್ಸ್ ನಗರದಲ್ಲಿ ಅಧ್ಯಾಪಕರಾಗಿದ್ದ ಸೆಜೇರ್, 1945ರಲ್ಲಿ ಆ ನಗರದ ಮೇಯರ್ ಆದರು. ಅದೇ ವರ್ಷ ಕಮ್ಯುನಿಸ್ಟ್ ಪಕ್ಷದಿಂದ ಫ್ರಾನ್ಸಿನ ಸಂವಿಧಾನ ರಚನಾ ಸಭೆಗೂ ಆಯ್ಕೆಯಾದರು. ಪ್ಯಾರಿಸ್ಸಿನ ಸಂಸತ್ ಸ್ಥಾನವನ್ನು 1993ರವರೆಗೆ, ಮೇಯರ್ ಪದವಿಯನ್ನು 2001ರವರೆಗೆ ನಿರ್ವಹಿಸಿದರು. ಹೀಗೆ ಎರಡೂ ಹೊಣೆಗಳನ್ನು ಒಟ್ಟಿಗೆ ಹೊತ್ತವರನ್ನು ಫ್ರೆಂಚರು ‘ದೆಪ್ಯುತೆ-ಮೇರ್’ ಎನ್ನುತ್ತಾರೆ. ನಮ್ಮಲ್ಲಿ ‘ಡೆಪ್ಯುಟಿ’ ಎಂದೊಡನೆ ಡೆಪ್ಯುಟಿ ಕಮಿಷನರ್, ಡೆಪ್ಯುಟಿ ತಹಶೀಲ್ದಾರ್ ನೆನಪಾಗುವುದರಿಂದ ‘ಉಪಮೇಯರ್’ ಎಂಬ ಅನುವಾದ ಸಲೀಸಾಗಿ ಹುಟ್ಟಿಕೊಳ್ಳುತ್ತದೆ. ನಮ್ಮ ಮಹಾನಗರಪಾಲಿಕೆಗಳಲ್ಲಿ ಆ ಹೆಸರಿನ ಹುದ್ದೆ ನಿಜವಾಗಿಯೂ ಇರುವುದರಿಂದ ಓದುವವರಿಗೆ ಅನುಮಾನವೂ ಬಾರದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಗರದ ಪ್ರಥಮ ಪ್ರಜೆಯಾಗಿದ್ದವರನ್ನು ಹೀಗೆ ಎರಡನೆಯ ಸ್ಥಾನಕ್ಕೆ ಇಳಿಸುವುದು ದೊಡ್ಡ ಅನ್ಯಾಯವೆಂದು ನನ್ನ ಭಾವನೆ. ‘ಸಂಸದ’ ಎಂಬ ಪದ ಶಬ್ದಾರ್ಥದಲ್ಲಿ ಮೇಲ್ಮನೆಯ ಸೆನೆಟರುಗಳನ್ನೂ ಒಳಗೊಳ್ಳುತ್ತದೆಯಾದರೂ, ಪತ್ರಿಕೆಗಳ ರೂಢಿಯಲ್ಲಿ ಅದು ಹೆಚ್ಚಾಗಿ ಜನರಿಂದ ನೇರವಾಗಿ ಚುನಾಯಿತರಾದವರಿಗೇ ಸಲ್ಲುವುದರಿಂದ, ‘ಸಂಸದರೂ ಮೇಯರೂ ಆಗಿದ್ದ’ ಎಂದು ಬಿಡಿಸಿ ಬರೆಯುವುದೇ ಮೇಲೆಂದು ತೋರುತ್ತದೆ. ಇಂತಹ ಜೋಡಿ ಅಧಿಕಾರಕ್ಕೆ ಫ್ರಾನ್ಸಿನಲ್ಲಿ 2017ರಿಂದ ಕಾನೂನಿನ ತಡೆಯಿದೆ.

ಎರಡನೆಯ ಪದ ಹೆಚ್ಚು ಕಠಿಣವಾದದ್ದು. 1946ರ ಮಾರ್ಚ್ 19ರ ಕಾನೂನಿನಂತೆ ಮಾರ್ಟಿನೀಕ್, ಗ್ವಾಡಲೂಪ್, ಫ್ರೆಂಚ್ ಗಯಾನಾ ಮತ್ತು ರೆಯೂನಿಯೋಂ ಎಂಬ ನಾಲ್ಕು ಹಳೆಯ ವಸಾಹತುಗಳು ಫ್ರಾನ್ಸಿನ ‘ದೆಪಾರ್ತ್ಮಾಂ’ ಎಂಬ ಆಡಳಿತ ಘಟಕಗಳಾದವು. ಇದನ್ನು ‘ಇಲಾಖೆ’ ಎಂದರೆ ಅರ್ಥವೇ ಆಗದು. ‘ಪ್ರಾಂತ’ವೂ ಹೊಂದದು, ಏಕೆಂದರೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹಳೆಯ ಪ್ರಾಂತಗಳನ್ನು ಒಡೆದೇ ಈ ಘಟಕಗಳನ್ನು ರಚಿಸಲಾಯಿತು. ಆಡಳಿತದ ಲೆಕ್ಕದಲ್ಲಿ ‘ಜಿಲ್ಲೆ’ ಸರಿಹೊಂದುತ್ತದೆ. ಆದರೆ ‘ವಸಾಹತು ಜಿಲ್ಲೆಯಾಯಿತು’ ಎಂಬ ವಾಕ್ಯ ಕನ್ನಡದ ಕಿವಿಗೆ ಹಿಂಬಡ್ತಿಯಂತೆ ಕೇಳಿಸುತ್ತದೆ. ಅಂದು ಅದನ್ನು ಬೇಡಿದವರಿಗಾದರೋ ಅದು ಗವರ್ನರನ ಆಳ್ವಿಕೆಯಿಂದ ಬಿಡುಗಡೆ ಹೊಂದಿ, ಫ್ರಾನ್ಸಿನ ಉಳಿದ ಪ್ರಜೆಗಳಿಗಿದ್ದ ಕಾನೂನನ್ನೂ ಸಾಮಾಜಿಕ ಭದ್ರತೆಯನ್ನೂ ಪಡೆಯುವ ಸಮಾನತೆಯ ಹಕ್ಕಾಗಿತ್ತು. ಆ ಸಮಾನತೆ ಕಾಗದದಲ್ಲೇ ಉಳಿಯಿತೆಂಬ ನಿರಾಸೆ ಸೆಜೇರ್ ಅವರ ಮುಂದಿನ ರಾಜಕಾರಣವನ್ನು ರೂಪಿಸಿತು. 1956ರಲ್ಲಿ ಅವರು ಪಕ್ಷದ ನಾಯಕ ಮೋರಿಸ್ ತೊರೆಜ್ ಅವರಿಗೆ ಬಹಿರಂಗ ಪತ್ರ ಬರೆದು ಕಮ್ಯುನಿಸ್ಟ್ ಪಕ್ಷವನ್ನು ತೊರೆದರು. 1958ರಲ್ಲಿ ಮಾರ್ಟಿನೀಕ್ ಪ್ರಗತಿಪರ ಪಕ್ಷವನ್ನು ಸ್ಥಾಪಿಸಿ ಸ್ವಾಯತ್ತತೆಯ ಪರ ನಿಂತರು. ಬೇಡಿಕೆ, ನಿರಾಸೆ ಎರಡನ್ನೂ ತಾಳಿಕೊಳ್ಳಬಲ್ಲ ಪದವೇ ಇಲ್ಲಿ ಬೇಕಾಗಿದೆ. ‘ಸಮಾನ ಹಕ್ಕಿನ ಜಿಲ್ಲೆ’ ಎಂದು ಮೊದಲ ಬಾರಿಗೆ ವಿವರಿಸಿ, ಬಳಿಕ ‘ಜಿಲ್ಲೆ’ ಎಂದಷ್ಟೇ ಬಳಸಬಹುದೇ?

ಮೂರನೆಯದು ‘ರಾಪೋರ್ತರ್’. ಮೇಲೆ ಹೇಳಿದ 1946ರ ಕಾನೂನಿನ ಮಸೂದೆಯನ್ನು ಸಮಿತಿಯ ಪರವಾಗಿ ಸದನಕ್ಕೆ ಮಂಡಿಸಿ ಸಮರ್ಥಿಸಿದವರು ಸೆಜೇರ್ ಅವರೇ. ‘ವರದಿಗಾರ’ ಎಂದರೆ ಪತ್ರಕರ್ತರಾಗುತ್ತಾರೆ. ‘ಸಮಿತಿಯ ವರದಿ ಮಂಡಿಸಿದ ಸದಸ್ಯ’ ಎಂಬುದು ಉದ್ದವಾದರೂ ನಿಸ್ಸಂದಿಗ್ಧವಾಗಿದೆ.

ಇನ್ನೊಂದು ವಿಚಾರ. ಫ್ರೆಂಚ್ ಭಾರತದಿಂದಲೂ ಒಬ್ಬ ದೆಪ್ಯುತೆ ಪ್ಯಾರಿಸ್ಸಿಗೆ ಆಯ್ಕೆಯಾಗುತ್ತಿದ್ದರು. ಮಂಗಳೂರಿನಿಂದ ದಕ್ಷಿಣಕ್ಕೆ ಅದೇ ಕರಾವಳಿಯಲ್ಲಿರುವ ಮಾಹೆಯೂ ಆಗ ಫ್ರೆಂಚರ ವಶದಲ್ಲಿತ್ತು. ಆ ಕಾಲದ ಕನ್ನಡ ಪತ್ರಿಕೆಗಳು, ವಿಶೇಷವಾಗಿ ಮಂಗಳೂರಿನವು, ಈ ಪ್ರತಿನಿಧಿಯನ್ನು ಯಾವ ಹೆಸರಿನಿಂದ ಕರೆದಿದ್ದವು ಎಂಬುದನ್ನು ಹಳೆಯ ಸಂಚಿಕೆಗಳಲ್ಲಿ ಕಂಡವರು ಆ ವಾಕ್ಯವನ್ನು ಇದ್ದಂತೆಯೇ ಉದ್ಧರಿಸಿ ತಿಳಿಸಬೇಕಾಗಿ ವಿನಂತಿ.