ಸಹಾಯ ಬೇಕು: ಕರೆಂಟ್ ಹೋದಾಗ ಯಾವ ಸೋಲಾರ್ ಚಾರ್ಜರ್ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಈಗೀಗ ಕರೆಂಟ್ ಹೋದರೆ ನಾಲ್ಕೈದು ಗಂಟೆ ಬರುವುದೇ ಇಲ್ಲ. ಎರಡು ಫೋನ್, ಒಂದು ವೈಫೈ ರೂಟರ್ ನಡೆದರೆ ನನಗೆ ಸಾಕು.

ಹೋದ ಸಲ ಬೆನ್ನಿಗೆ ಪುಟ್ಟ ಪ್ಯಾನೆಲ್ ಅಂಟಿಸಿದ 10,000 ಎಂಎಎಚ್ ಪವರ್ ಬ್ಯಾಂಕ್ ತಂದು ಬೇಸ್ತು ಬಿದ್ದೆ. ಇಡೀ ದಿನ ಬಿಸಿಲಲ್ಲಿಟ್ಟರೂ ಚಾರ್ಜ್ ಎಷ್ಟಾಗಿದೆ ಅಂತ ತೋರಿಸುವ ನಾಲ್ಕು ದೀಪಗಳಲ್ಲಿ ಒಂದೇ ಹೊತ್ತಿತು. ಮುಟ್ಟಿದರೆ ಕಾದ ಹೆಂಚು! ಆಮೇಲೆ ಲೆಕ್ಕ ಹಾಕಿದೆ. ಬ್ಯಾಟರಿ 37 ವ್ಯಾಟ್-ಅವರ್, ಪ್ಯಾನೆಲ್ ಬರೀ ಒಂದೂವರೆ ವ್ಯಾಟ್. ತುಂಬಲು 25 ಗಂಟೆ ಸುಡುಬಿಸಿಲು ಬೇಕು. ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಾರೆ ಅಷ್ಟೇ.

ಈಗ ಮಡಚುವ ಪ್ಯಾನೆಲ್ ಬೇರೆ, 20,000 ಎಂಎಎಚ್ ಪವರ್ ಬ್ಯಾಂಕ್ ಬೇರೆ ತೆಗೆದುಕೊಳ್ಳೋಣ ಅಂತಿದ್ದೇನೆ. ಬ್ಯಾಟರಿಯನ್ನಾದರೂ ನೆರಳಲ್ಲಿ ಇಡಬಹುದು, ಅಲ್ವಾ? 20 ವ್ಯಾಟ್ ಸಾಕಾ, ಜಾಸ್ತಿ ಬೇಕಾ? ಬರೆದಷ್ಟು ವ್ಯಾಟ್ ಬರಲ್ಲ ಅಂತ ಗೊತ್ತು. ಮೋಡ ಅಡ್ಡ ಬಂದು ಸರಿದ ಮೇಲೆ ಚಾರ್ಜಿಂಗ್ ತಾನಾಗಿ ಶುರುವಾಗುತ್ತಾ, ಇಲ್ಲ ವಯರ್ ಕಿತ್ತು ಮತ್ತೆ ಚುಚ್ಚಬೇಕಾ? ನನಗೆ ಇದೇ ದೊಡ್ಡ ಚಿಂತೆ.

ಇನ್ನೊಂದು, ರೂಟರ್ 12 ವೋಲ್ಟಿನದು. ಯುಎಸ್‌ಬಿಯ 5 ವೋಲ್ಟನ್ನು 12ಕ್ಕೆ ಏರಿಸುವ ಕೇಬಲ್ ದಿನಾ ಬಳಸುವವರು ಇದ್ದೀರಾ? ಜಾಹೀರಾತು ನೋಡಿ ಅಲ್ಲ, ಬಳಸಿ ನೋಡಿದವರೇ ಹೇಳಿ, ಪ್ಲೀಸ್.